ಗುರುವಿಲ್ಲದ ಗರಡಿ: ಆರುನೂರು ವರ್ಷ ಹಳೆಯ ಪುಸ್ತಕದಿಂದ ಕತ್ತಿವರಸೆ ಕಲಿಯುವುದು ಹೇಗೆ?

ಜರ್ಮನಿಯ ನ್ಯೂರೆಂಬರ್ಗ್‌ನ ಒಂದು ಮ್ಯೂಸಿಯಂನಲ್ಲಿ ಕೈಬರಹದ ಚಿಕ್ಕ ಪುಸ್ತಕವೊಂದಿದೆ. ಅದರ ನಂಬರ್ 3227ಎ. ಸುಮಾರು ಕ್ರಿ.ಶ. 1400ರ ಆಸುಪಾಸಿನದು. ಯಾರೋ ಒಬ್ಬ ತನಗೆ ಬೇಕಾದ್ದನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಂಡಿದ್ದಾನೆ. ಉಕ್ಕಿಗೆ ಹದ ಕೊಡುವ ವಿಧಾನ, ಔಷಧಿ, ಮಂತ್ರತಂತ್ರ, ಹೀಗೆ. ನಡುವೆ ಹಲವು ಪುಟಗಳಷ್ಟು ಕತ್ತಿವರಸೆ. ಅಲ್ಲೊಂದು ಕಡೆ ಅವನು ಹೀಗೆ ಹೇಳುತ್ತಾನೆ: ಈ ವಿದ್ಯೆಯನ್ನು ಕೈಯಲ್ಲಿ ತೋರಿಸಿದಷ್ಟು ಸ್ಪಷ್ಟವಾಗಿ ಮಾತಿನಲ್ಲಿ, ಬರಹದಲ್ಲಿ ಹೇಳಲು ಆಗುವುದಿಲ್ಲ.

ಇವತ್ತು ಆ ವಿದ್ಯೆ ಕಲಿಯಬೇಕು ಅನ್ನುವವರಿಗೆ ಉಳಿದಿರುವುದು ಆ ಬರಹ ಮಾತ್ರ. ತೋರಿಸುವ ಕೈ ಹೋಗಿ ನೂರಾರು ವರ್ಷ ಆಯಿತು.

ಹಾಗಿದ್ದರೂ ಯೂರೋಪ್, ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ಸಂಜೆ ಹೊತ್ತು ಶಾಲೆಯ ಜಿಮ್ ಹಾಲ್‌ಗಳಲ್ಲಿ ಸೇರುತ್ತಾರೆ. ಮಾಸ್ಕ್ ಹಾಕಿ, ಉದ್ದನೆಯ ಕತ್ತಿ ಹಿಡಿದು ಈ ಹಳೇ ವರಸೆಗಳನ್ನು ಅಭ್ಯಾಸ ಮಾಡುತ್ತಾರೆ. ಇದಕ್ಕೆ ‘ಹೇಮಾ’ ಅನ್ನುತ್ತಾರೆ. ‘ಯೂರೋಪಿನ ಐತಿಹಾಸಿಕ ಸಮರಕಲೆಗಳು’ ಅನ್ನುವ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ನಾಟಕಕ್ಕೋ ಸಿನಿಮಾಕ್ಕೋ ಮಾಡುವ ಕುಣಿತ ಇದಲ್ಲ. ಪುಸ್ತಕದಲ್ಲಿ ಇರುವುದು ನಿಜವಾಗಿ ಏನು, ಅದು ಎದುರಾಳಿಯ ಮುಂದೆ ಕೆಲಸ ಮಾಡುತ್ತದಾ ಅಂತ ಹುಡುಕುವ ಕೆಲಸ. ನನ್ನನ್ನು ಹಿಡಿದಿಟ್ಟಿರುವುದು ಕತ್ತಿಗಿಂತ ಹೆಚ್ಚಾಗಿ ಈ ಹುಡುಕಾಟ. ಸತ್ತುಹೋದ ಒಂದು ದೇಹವಿದ್ಯೆಯನ್ನು ಕಾಗದದಿಂದ ಮತ್ತೆ ಮೈಗೆ ತರುವುದು ಹೇಗೆ? ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ಗರಡಿಗಳಲ್ಲಿ ಉಸ್ತಾದರು ಮೈ ಮುಟ್ಟಿ ಪಟ್ಟು ಹೇಳಿಕೊಡುತ್ತಾರೆ. ಅವರಿಗೆ ಅವರ ಉಸ್ತಾದರು ಹಾಗೇ ಕಲಿಸಿರುತ್ತಾರೆ. ಯೂರೋಪಿನ ಹಳೇ ಕತ್ತಿವರಸೆಯಲ್ಲಿ ಈ ಸರಪಳಿ ಕಡಿದುಹೋಯಿತು. ಬಂದೂಕು ಬಂತು. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ ಯುದ್ಧದಲ್ಲೂ ಬೀದಿಯಲ್ಲೂ ಉಪಯೋಗಕ್ಕೆ ಬಾರದಂತಾಯಿತು. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ತೆಳು ಕತ್ತಿ ಅದರ ಜಾಗಕ್ಕೆ ಬಂತು. ಮುಖ್ಯವಾಗಿ ಆ ತೆಳು ಕತ್ತಿಯ ಅಭ್ಯಾಸವೇ ಬದಲಾಗುತ್ತಾ ಬಂದು ಈಗ ಒಲಿಂಪಿಕ್ಸ್‌ನಲ್ಲಿ ಕಾಣುವ ಫೆನ್ಸಿಂಗ್ ಆಯಿತು. ಟೋಕಿಯೊದಲ್ಲಿ ನಮ್ಮ ಭವಾನಿ ದೇವಿ ಆಡಿದರಲ್ಲ, ಆ ಆಟ. ಅದಕ್ಕೆ ಗುರುಪರಂಪರೆ ಇದೆ. ಅದಕ್ಕಿಂತ ಹಿಂದಿನ ಉದ್ದ ಕತ್ತಿಗೆ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡ್‌ನ ಎಗರ್ಟನ್ ಕಾಸಲ್, ಆಲ್ಫ್ರೆಡ್ ಹಟ್ಟನ್ ಎಂಬಿಬ್ಬರು ಹಳೇ ಪುಸ್ತಕಗಳನ್ನು ಹುಡುಕಿ ಓದಿದರು, ಪ್ರದರ್ಶನಗಳನ್ನೂ ಕೊಟ್ಟರು. ದೊಡ್ಡ ಕೆಲಸ ಅದು. ಆದರೆ ಕಾಸಲ್ 1885ರ ತನ್ನ ಪುಸ್ತಕದಲ್ಲಿ ಮಧ್ಯಯುಗದವರದ್ದು ಬರೀ ತೋಳ್ಬಲ, ವಿದ್ಯೆ ಆಮೇಲೆ ಬಂದದ್ದು ಅನ್ನುವ ಹಾಗೆ ಬರೆದ. ಆ ತಪ್ಪು ಕಲ್ಪನೆ ತುಂಬಾ ಕಾಲ ಉಳಿಯಿತು. ಹಳೇ ಪುಸ್ತಕಗಳನ್ನು ಸಾಲುಸಾಲಾಗಿ ಓದಿದರೆ ಅದು ನಿಲ್ಲುವುದಿಲ್ಲ.

ಹಾಗಾದರೆ ಆ ಪುಸ್ತಕಗಳಲ್ಲಿ ಏನಿದೆ?

ಈಗ ಸಿಕ್ಕಿರುವುದರಲ್ಲಿ ಅತಿ ಹಳೆಯದು ಇಂಗ್ಲೆಂಡ್‌ನ ಲೀಡ್ಸ್‌ನಲ್ಲಿರುವ ರಾಯಲ್ ಆರ್ಮರೀಸ್ ಸಂಗ್ರಹದ ‘ಐ.33’. ಹದಿನಾಲ್ಕನೇ ಶತಮಾನದ ಆರಂಭದ್ದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪುಟ್ಟ ಗುರಾಣಿ. ಬರಹ ಲ್ಯಾಟಿನ್, ನಡುನಡುವೆ ಜರ್ಮನ್ ಪದಗಳು. ಚಿತ್ರದಲ್ಲಿ ಕಲಿಸುತ್ತಿರುವವನು ಒಬ್ಬ ಪಾದ್ರಿ, ಕಲಿಯುತ್ತಿರುವವನು ಅವನ ಶಿಷ್ಯ. ಕೊನೆಯ ಪುಟಗಳಿಗೆ ಬಂದರೆ ಶಿಷ್ಯನ ಜಾಗದಲ್ಲಿ ವಾಲ್ಪುರ್ಗಿಸ್ ಅನ್ನುವ ಹೆಣ್ಣುಮಗಳು ಕತ್ತಿ ಹಿಡಿದು ನಿಂತಿದ್ದಾಳೆ. ಅವಳು ಯಾರು ಅನ್ನುವುದಕ್ಕೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಈ ಪುಸ್ತಕ ಜರ್ಮನಿಯ ಗೋಥಾದಲ್ಲಿ ಇತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಣ್ಮರೆಯಾಯಿತು. 1950ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಕೆಲವು ಹಾಳೆಗಳು ಇಲ್ಲ. ಅಂದರೆ ಪಾಠಗಳೇ ಇಲ್ಲ.

ಇಟಲಿಯವನು ಫಿಯೋರೆ ದೇ ಲಿಬೇರಿ. ಸುಮಾರು 1410ರಲ್ಲಿ ಫೆರಾರಾದ ದೊರೆ ನಿಕೊಲೋಗೆ ಅರ್ಪಿಸಿ ಚಿತ್ರಭರಿತ ಪುಸ್ತಕ ಬರೆದ. ಈಗ ಅದರ ನಾಲ್ಕು ಪ್ರತಿಗಳು ಗೊತ್ತಿವೆ. ಒಂದು ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಅದರ ಚಿತ್ರಗಳಲ್ಲಿ ಗುರುವಿನ ತಲೆ ಮೇಲೆ ಕಿರೀಟ, ಶಿಷ್ಯನ ಮೊಣಕಾಲ ಕೆಳಗೆ ಪಟ್ಟಿ. ಯಾರು ಗೆಲ್ಲುತ್ತಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗಲಿ ಅಂತ. ಒಂದು ಪುಟವಂತೂ ನನಗೆ ತುಂಬಾ ಇಷ್ಟ. ನಡುವೆ ಒಬ್ಬ ಮನುಷ್ಯ, ಸುತ್ತ ನಾಲ್ಕು ಪ್ರಾಣಿ. ಎಚ್ಚರಕ್ಕೆ ಲಿಂಕ್ಸ್ ಎಂಬ ಕಾಡುಬೆಕ್ಕು, ವೇಗಕ್ಕೆ ಹುಲಿ, ಧೈರ್ಯಕ್ಕೆ ಸಿಂಹ. ಕಾಲ ಬುಡದಲ್ಲಿ ಬಲಕ್ಕೆ ಆನೆ. ಆ ಆನೆಯ ಬೆನ್ನ ಮೇಲೆ ಅಂಬಾರಿಯ ಹಾಗೆ ಒಂದು ಕೋಟೆ! ಬಲ ಅಂದರೆ ಗಟ್ಟಿಯಾಗಿ ಬೀಸುವುದಲ್ಲ, ಹೊತ್ತು ನಿಲ್ಲುವುದು ಅಂತ ಆ ಚಿತ್ರ ಒಂದೇ ನೋಟಕ್ಕೆ ತಿಳಿಸುತ್ತದೆ.

ಈ ಫಿಯೋರೆ ಇನ್ನೊಂದು ಮಾತು ಬರೆದಿದ್ದಾನೆ. ಪುಸ್ತಕ ಇಲ್ಲದೆ ಯಾರೂ ಈ ವಿದ್ಯೆಯಲ್ಲಿ ಒಳ್ಳೇ ಗುರು ಆಗಲಾರರು, ಒಳ್ಳೇ ಶಿಷ್ಯರೂ ಆಗಲಾರರು ಅಂತ ಅವನ ಶಿಷ್ಯನೊಬ್ಬ ಹೇಳುತ್ತಿದ್ದನಂತೆ. ವಿದ್ಯೆ ಎಷ್ಟು ದೊಡ್ಡದು ಅಂದರೆ ಪುಸ್ತಕ ಇಲ್ಲದಿದ್ದರೆ ಅದರ ಕಾಲುಭಾಗವೂ ನೆನಪಿನಲ್ಲಿ ಉಳಿಯುವುದಿಲ್ಲ ಅನ್ನುವುದು ಫಿಯೋರೆ ಕೊಡುವ ಕಾರಣ.

ನ್ಯೂರೆಂಬರ್ಗ್‌ನವನು ಬರೆದು ಹೇಳಲಾಗದು ಅನ್ನುತ್ತಾನೆ. ಫಿಯೋರೆ ಬರೆಯದೆ ಆಗದು ಅನ್ನುತ್ತಾನೆ. ಎರಡೂ ನಿಜ. ಈ ಪುಸ್ತಕಗಳು ಮೊದಲೇ ಕಲಿತವರಿಗೆ ನೆನಪಿಗಾಗಿ ಬರೆದಂಥವು. ಅಜ್ಜಿ ಸಾರಿನ ಪುಡಿಯ ಅಳತೆಯನ್ನು ಚೀಟಿಯಲ್ಲಿ ಬರೆದಿಟ್ಟ ಹಾಗೆ. ‘ಹದವಾಗಿ ಹುರಿಯುವುದು’ ಅಂತ ಇರುತ್ತದೆ. ಹದ ಅಂದರೆ ಎಷ್ಟು? ಅಜ್ಜಿ ಪಕ್ಕ ನಿಂತು ಆ ವಾಸನೆ ನೋಡಿದವರಿಗೆ ಮಾತ್ರ ಗೊತ್ತು. ಮೊಮ್ಮಗಳು ಆ ಚೀಟಿ ಹಿಡಿದು ಮೂರು ಸಲ ಸೀಯಿಸಿ, ನಾಲ್ಕನೇ ಸಲ ಸರಿ ಮಾಡುತ್ತಾಳಲ್ವಾ? ಈ ಕಲಿಕೆಯೂ ಹಾಗೆಯೇ.

ಜರ್ಮನ್ ಪರಂಪರೆಯಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ದೊಡ್ಡ ಹೆಸರು ಯೋಹಾನೆಸ್ ಲೀಖ್ಟೆನಾವರ್. ಅವನ ಬದುಕಿನ ಬಗ್ಗೆ ಹೆಚ್ಚೇನೂ ಸಿಕ್ಕಿಲ್ಲ. ಹಲವು ದೇಶ ಸುತ್ತಿ ಕಲಿತವನು, ವಿದ್ಯೆ ಅವನಿಗಿಂತ ಹಳೆಯದು ಅನ್ನುತ್ತದೆ 3227ಎ. ಅವನು ತನ್ನ ವಿದ್ಯೆಯನ್ನೆಲ್ಲ ಪ್ರಾಸಬದ್ಧ ಪದ್ಯಗಳಲ್ಲಿ ಕಟ್ಟಿದ. ಬೇಕೆಂದೇ ಒಗಟಿನ ಹಾಗೆ ಕಟ್ಟಿದ. ಹಗುರ ಮನಸ್ಸಿನ ಕತ್ತಿ ಮೇಷ್ಟ್ರುಗಳ ಕೈಗೆ ವಿದ್ಯೆ ಸಿಕ್ಕಿ ಬೀದಿಪಾಲಾಗಬಾರದು ಅಂತ. ಆಮೇಲೆ ಹದಿನೈದನೇ ಶತಮಾನದಲ್ಲಿ ಬೇರೆಯವರು ಆ ಪದ್ಯಗಳಿಗೆ ಗದ್ಯದಲ್ಲಿ ಅರ್ಥ ಬರೆದರು. ನಮಗೆ ಇದು ಹೊಸದಲ್ಲ. ಸೂತ್ರ ಒಬ್ಬರದು, ಭಾಷ್ಯ ಇನ್ನೊಬ್ಬರದು. ಭಾಷ್ಯ ಇಲ್ಲದೆ ಸೂತ್ರ ಬಿಚ್ಚಿಕೊಳ್ಳುವುದಿಲ್ಲ. ಇಲ್ಲೂ ಅಷ್ಟೇ.

ಒಂದು ಪದ್ಯವನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ‘ಹಗಲಿನಿಂದ ಬರುವುದನ್ನು ಅಡ್ಡಪೆಟ್ಟು ಕಸಿದುಕೊಳ್ಳುತ್ತದೆ.’

ಸುಮ್ನೆ ಓದಿದರೆ ಏನೂ ಅರ್ಥ ಆಗುವುದಿಲ್ಲ. ಹಗಲಿನಿಂದ ಏನು ಬರುತ್ತದೆ? ಇದಕ್ಕೆ ಮೊದಲು ನಿಲುವುಗಳ ಹೆಸರು ಗೊತ್ತಿರಬೇಕು. ಲೀಖ್ಟೆನಾವರ್ ಹೇಳುವುದು ನಾಲ್ಕೇ ನಿಲುವು. ಹಿಡಿ ತಲೆಯ ಪಕ್ಕ, ಮೊನೆ ಎದುರಾಳಿಯ ಮುಖಕ್ಕೆ, ಕೊಂಬು ಚಾಚಿದ ಹಾಗೆ: ಅದು ‘ಎತ್ತು’. ಹಿಡಿ ಸೊಂಟದ ಹತ್ತಿರ, ಮೊನೆ ಮುಂದಕ್ಕೆ ಮೇಲಕ್ಕೆ: ‘ನೇಗಿಲು’. ಮೊನೆ ನೆಲಕ್ಕೆ ಬಿಟ್ಟು, ಮೈ ತೆರೆದಿಟ್ಟ ಹಾಗೆ ಕಾಣುವುದು: ‘ಪೆದ್ದ’. ಕತ್ತಿಯನ್ನು ಭುಜದ ಮೇಲೋ ತಲೆಯ ಮೇಲೋ ಎತ್ತಿ ಹಿಡಿಯುವುದು: ‘ಹಗಲಿನಿಂದ’. ಹೊಲದ ಭಾಷೆಯನ್ನೇ ಕತ್ತಿಗೂ ಹಾಕಿದ್ದಾರೆ. ಎತ್ತು, ನೇಗಿಲು ಅಂದ ತಕ್ಷಣ ಆಕಾರ ಕಣ್ಣಿಗೆ ಬರುತ್ತದೆ, ಮರೆಯುವುದಿಲ್ಲ.

ಈಗ ಪದ್ಯ ಸ್ವಲ್ಪ ತೆರೆಯಿತು. ಮೇಲಿನಿಂದ ಬೀಳುವ ಪೆಟ್ಟಿಗೆ ಅಡ್ಡ ಬೀಸುವ ಪೆಟ್ಟೇ ಉತ್ತರ. ಜರ್ಮನ್‌ನಲ್ಲಿ ಅದು ‘ತ್ಸ್ವೆರ್ಖ್‌ಹೌ’. ಮಾಡುವುದು ಹೇಗೆ? ಅದಕ್ಕೆ ಭಾಷ್ಯ ಬೇಕು. ಭಾಷ್ಯದ ಸಾರ ಇದು: ಅವನು ಮೇಲಿನಿಂದ ತಲೆಗೆ ಹೊಡೆಯುವಾಗ, ಬಲಗಾಲಿನಲ್ಲಿ ಪೆಟ್ಟಿನ ದಾರಿಯಿಂದ ಆಚೆ, ಅವನ ಎಡಪಕ್ಕಕ್ಕೆ ನೆಗೆ. ನೆಗೆಯುತ್ತಲೇ ಹಿಡಿಯನ್ನು ನಿನ್ನ ತಲೆಯ ಮುಂದೆ ಎತ್ತರದಲ್ಲಿ ತಿರುಗಿಸು. ಹೆಬ್ಬೆರಳು ಕೆಳಗೆ ಬರಲಿ. ಗಿಡ್ಡ ಬಾಯಿಂದ ಅವನ ಎಡಕ್ಕೆ ಹೊಡೆ. ಆಗ ಅವನ ಪೆಟ್ಟು ನಿನ್ನ ಹಿಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ನಿನ್ನದು ಅವನ ತಲೆಗೆ ತಾಗುತ್ತದೆ.

ಗಿಡ್ಡ ಬಾಯಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇದು ಇಬ್ಬಾಯಿ ಕತ್ತಿ. ಸುಮ್ಮನೆ ಮುಂದೆ ಹಿಡಿದಾಗ ಎದುರಾಳಿಯ ಕಡೆ ಇರುವುದು ಉದ್ದ ಬಾಯಿ, ನಮ್ಮ ಕಡೆ ತಿರುಗಿರುವುದು ಗಿಡ್ಡ ಬಾಯಿ. ಅಳತೆಯಲ್ಲಿ ಎರಡೂ ಒಂದೇ.

ಇನ್ನು ಈ ಭಾಷ್ಯವನ್ನು ಮೈಗೆ ಇಳಿಸಿ ನೋಡಿ. ಒಂದು ಉದ್ದನೆಯ ಕೋಲು ಸಾಕು. ಮೊದಲ ಸಲ ಎಲ್ಲರೂ ಕೈಯನ್ನು ಎದೆಯ ಮಟ್ಟದಲ್ಲಿ ಇಟ್ಟು ಕ್ರಿಕೆಟ್ ಬ್ಯಾಟಿನ ಹಾಗೆ ಬೀಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಕತ್ತಿ ಎದುರಿನವರ ಮಾಸ್ಕಿಗೆ ತಾಗಿತು, ಅದೇ ಹೊತ್ತಿಗೆ ಅವರ ಕತ್ತಿ ನನ್ನ ನೆತ್ತಿ ಮೇಲೆ ಬಿತ್ತು. ಮತ್ತೆ ಪುಸ್ತಕ ನೋಡಿದರೆ ‘ತಲೆಯ ಮುಂದೆ ಎತ್ತರದಲ್ಲಿ’ ಅಂತ ಸ್ಪಷ್ಟವಾಗಿ ಇದೆ. ಕೈ ಎತ್ತಿದೆ. ಈಗ ಮಣಿಕಟ್ಟು ತಿರುಗುತ್ತಿಲ್ಲ, ಅಲಗು ಚಪ್ಪಟೆಯಾಗಿ ಬಡಿಯುತ್ತಿದೆ. ‘ಹೆಬ್ಬೆರಳು ಕೆಳಗೆ’ ಅನ್ನುವ ಮಾತು ಇರುವುದೇ ಅದಕ್ಕೆ. ಹೆಬ್ಬೆರಳನ್ನು ಅಲಗಿನ ಚಪ್ಪಟೆ ಭಾಗಕ್ಕೆ ಒತ್ತಿ ಹಿಡಿದರೆ ಕತ್ತಿ ತಾನಾಗಿ ತಿರುಗುತ್ತದೆ. ಆಮೇಲೂ ಒಂದು ತಪ್ಪು ಉಳಿದಿತ್ತು. ಪಕ್ಕಕ್ಕೆ ಹೋಗದೆ ನೇರ ಮುಂದೆ ಹೋಗುತ್ತಿದ್ದೆ. ಪಕ್ಕಕ್ಕೆ ನೆಗೆದ ದಿನ ಅವರ ಕತ್ತಿ ನನ್ನ ಹಿಡಿಯ ಅಡ್ಡಗಂಬಿಗೆ ಟಣ್ ಅಂತ ಬಂದು ಕೂತಿತು, ನನ್ನದು ಅವರ ಮಾಸ್ಕಿನ ಪಕ್ಕಕ್ಕೆ ತಾಗಿತು. ಪುಸ್ತಕದ ಪ್ರತಿಯೊಂದು ಮಾತಿಗೂ ಒಂದೊಂದು ಕೆಲಸ ಇತ್ತು. ಒಂದನ್ನು ಬಿಟ್ಟರೂ ವರಸೆ ಮುರಿದು ಬೀಳುತ್ತಿತ್ತು. ಆ ಸಂಜೆ ಮನೆಗೆ ಹೋಗುವಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಹೆಸರೂ ಸರಿಯಾಗಿ ಗೊತ್ತಿಲ್ಲದ ಯಾರೋ ಒಬ್ಬ ಮೇಷ್ಟ್ರು, ಐನೂರು ವರ್ಷದಾಚೆಯಿಂದ ನನ್ನ ಹೆಬ್ಬೆರಳು ತಿದ್ದಿದ್ದ.

ಸರಿಯಾಗಿ ಓದಿದ್ದೇವಾ ಇಲ್ಲವಾ ಅಂತ ತಿಳಿಯುವ ದಾರಿ ಇದೇ. ಮೊದಲು ಹಳೇ ಭಾಷೆಯ ಪಾಠ, ಅದರ ಅನುವಾದ. ಆಮೇಲೆ ನಿಧಾನವಾಗಿ ಇಬ್ಬರು ಸೇರಿ ಮಾಡಿ ನೋಡುವುದು. ಆಮೇಲೆ ವೇಗ. ಆಮೇಲೆ ಒಪ್ಪಂದ ಇಲ್ಲದ ಎದುರಾಳಿ, ಅಂದರೆ ನಿಮ್ಮ ವರಸೆ ಕೆಡಿಸಲೆಂದೇ ನಿಂತವನು. ಎಲ್ಲಿ ಕೆಟ್ಟಿತೋ ಅದನ್ನು ತಲೆಯಲ್ಲಿಟ್ಟುಕೊಂಡು ಮತ್ತೆ ಪುಸ್ತಕಕ್ಕೆ. ಈ ಸುತ್ತು ಮುಗಿಯುವುದಿಲ್ಲ. ಇದರಲ್ಲಿ ಎರಡು ಕಡೆ ಜಾರುತ್ತೇವೆ. ಬರೀ ಪುಸ್ತಕದವರು ಚಿತ್ರದಲ್ಲಿ ಇದ್ದಂತೆಯೇ ನಿಲ್ಲಲು ಹೋಗುತ್ತಾರೆ. ಆದರೆ ಚಿತ್ರ ಬರೆದವನು ಕತ್ತಿ ಹಿಡಿದವನೇ ಆಗಿರಬೇಕು ಅಂತ ಇಲ್ಲ, ಆ ಕಾಲದ ಚಿತ್ರಗಳಲ್ಲಿ ದೂರದ ಅಂದಾಜೂ ಸಿಗುವುದಿಲ್ಲ. ಬರೀ ಹೊಡೆದಾಟದವರು ತಮಗೆ ಗೆಲುವು ಕೊಟ್ಟಿದ್ದನ್ನೇ ಪುಸ್ತಕದ ವರಸೆ ಅಂದುಕೊಳ್ಳುತ್ತಾರೆ. ನನಗೆ ಎರಡನೆಯದು ಹೆಚ್ಚು ಅಪಾಯ ಅನ್ನಿಸುತ್ತದೆ. ಗೆದ್ದವನಿಗೆ ಪುಸ್ತಕ ಮತ್ತೆ ತೆರೆಯುವ ಮನಸ್ಸೇ ಬರುವುದಿಲ್ಲ.

ಒಂದು ಪುಸ್ತಕ ಸಾಲದಾದಾಗ ಪಕ್ಕದ ಪುಸ್ತಕ ನೋಡಬೇಕು. ಹಾನ್ಸ್ ಟಾಲ್‌ಹೋಫರ್‌ನ 1467ರ ಹಸ್ತಪ್ರತಿಯಲ್ಲಿ ಚಿತ್ರಗಳು ಧಾರಾಳ, ಮಾತು ಒಂದೋ ಎರಡೋ ಸಾಲು. ಭಾಷ್ಯಗಳಲ್ಲಿ ಮಾತೇ ಮಾತು, ಚಿತ್ರ ಅಪರೂಪ. ಸ್ಟ್ರಾಸ್‌ಬರ್ಗ್‌ನ ಯೋವಾಖಿಮ್ ಮೈಯರ್ 1570ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಎರಡೂ ಇವೆ, ಅದೂ ವಿವರವಾಗಿ. ವೃತ್ತಿಯಲ್ಲಿ ಅವನು ಚೂರಿ ಮಾಡುವ ಕಸುಬಿನವನು. ಪುಸ್ತಕಕ್ಕಾಗಿ ಸಾಲ ಮಾಡಿದ್ದ. ಮರುವರ್ಷವೇ ದೂರದ ಶ್ವೆರಿನ್‌ನಲ್ಲಿ ತೀರಿಕೊಂಡ. ಸಾಲ ಹೆಂಡತಿಯ ತಲೆ ಮೇಲೆ ಬಂತು. ಇವತ್ತು ಎಷ್ಟೋ ಕ್ಲಬ್‌ಗಳಲ್ಲಿ ಮೊದಲ ಪಾಠ ಅವನದೇ. ಆದರೆ ಮೈಯರ್‌ನ ಮಾತನ್ನು ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಪದ್ಯಕ್ಕೆ ಹಾಗೇ ಅಂಟಿಸಬಾರದು. ಅವನ ಕಾಲಕ್ಕೆ ಜರ್ಮನರು ಉದ್ದ ಕತ್ತಿಯ ಆಟದಲ್ಲಿ ತಿವಿಯುವುದನ್ನೇ ಬಿಟ್ಟಿದ್ದರು. ಅದು ಗೆಳೆಯರ ನಡುವಿನ ಸ್ಪರ್ಧೆಯಾಗಿತ್ತು. ಲೀಖ್ಟೆನಾವರ್‌ನ ಪದ್ಯಗಳಲ್ಲಿ ಮೊನೆ ಮತ್ತೆ ಮತ್ತೆ ಎದುರಾಳಿಯ ಮೈಯನ್ನು ಹುಡುಕುತ್ತದೆ. ಒಂದೇ ಆಯುಧ, ಬೇರೆ ಉದ್ದೇಶ.

ಕತ್ತಿ ಎಷ್ಟು ಭಾರ ಅಂತ ಎಲ್ಲರೂ ಕೇಳುತ್ತಾರೆ. ಹತ್ತು ಕಿಲೋ ಅಂದುಕೊಂಡವರೇ ಜಾಸ್ತಿ. ಮ್ಯೂಸಿಯಂಗಳಲ್ಲಿರುವ ನಿಜವಾದ ಉದ್ದ ಕತ್ತಿಗಳು ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂಮುಕ್ಕಾಲು ಕಿಲೋ ತೂಗುತ್ತವೆ. ಕ್ರಿಕೆಟ್ ಬ್ಯಾಟ್‌ಗಿಂತ ತುಸು ಹೆಚ್ಚು, ಅಷ್ಟೇ. ತೂಕದ ಬಹುಭಾಗ ಹಿಡಿಯ ಹತ್ತಿರವೇ ಇರುವುದರಿಂದ ಬ್ಯಾಟಿಗಿಂತ ಚುರುಕಾಗಿ ತಿರುಗುತ್ತದೆ. ಅಂದಹಾಗೆ, ಯೂರೋಪಿನ ಅಲಗುಗಳು ನಮ್ಮ ದಖ್ಖನ್‌ಗೂ ಬಂದಿದ್ದವು. ಅವಕ್ಕೆ ಇಲ್ಲಿನ ಶೈಲಿಯ ಹಿಡಿ ಹಾಕಿ ಬಳಸುತ್ತಿದ್ದರು. ಆ ಕತ್ತಿಗೆ ಹೆಸರೇ ‘ಫಿರಂಗಿ’. ಈಗ ಕನ್ನಡದಲ್ಲಿ ಆ ಪದ ಕೇಳಿದರೆ ತೋಪು ನೆನಪಾಗುತ್ತದೆ.

ಅಭ್ಯಾಸಕ್ಕೆ ಬಳಸುವುದು ಹರಿತ ಇಲ್ಲದ ಉಕ್ಕಿನ ಕತ್ತಿ. ಅದಕ್ಕೆ ‘ಫೆಡರ್’ ಅನ್ನುತ್ತಾರೆ, ಜರ್ಮನ್‌ನಲ್ಲಿ ಗರಿ ಅಂತ ಅರ್ಥ. ಅಲಗು ತೆಳು, ತಿವಿದರೆ ಬಾಗುತ್ತದೆ. ಹಿಡಿಯ ಹತ್ತಿರ ಮಾತ್ರ ಅಗಲ. ಇದು ಈಗಿನವರ ಉಪಾಯವಲ್ಲ, ಮೈಯರ್‌ನ ಚಿತ್ರಗಳಲ್ಲೂ ಇದೇ ಆಕಾರ ಇದೆ. ಮೈಮೇಲೆ ದಪ್ಪ ಜಾಕೆಟ್, ಕುತ್ತಿಗೆಗೆ ಗಟ್ಟಿ ಪಟ್ಟಿ, ತಲೆಗೆ ಫೆನ್ಸಿಂಗ್ ಮಾಸ್ಕ್, ಹಿಂಭಾಗಕ್ಕೂ ರಕ್ಷಣೆ, ಬೆರಳಿಗೆ ಭಾರಿ ಗ್ಲೌಸ್. ಜಾಕೆಟ್ ಮೇಲೆ 350 ಅಥವಾ 800 ನ್ಯೂಟನ್ ಅಂತ ಬರೆದಿರುತ್ತದೆ. ಹೊಸಬರು ಅದನ್ನು ಪೆಟ್ಟು ತಡೆಯುವ ಶಕ್ತಿ ಅಂದುಕೊಳ್ಳುತ್ತಾರೆ. ಅದು ಬಟ್ಟೆ ತೂತಾಗದೆ ತಡೆಯುವ ಅಳತೆ. ಮುರಿದ ಅಲಗು ಒಳಗೆ ನುಗ್ಗಬಾರದು ಅಂತ. ಎಲುಬಿಗೆ ಬೀಳುವ ಏಟಿಗೆ ಆ ನಂಬರ್ ಏನೂ ಮಾಡುವುದಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ. ಬೆರಳು ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಈ ರಕ್ಷಣೆಯೇ ಇನ್ನೊಂದು ಸಮಸ್ಯೆ ತರುತ್ತದೆ. ಭಯ ಹೋಗುತ್ತದೆ. ಭಯ ಹೋದರೆ ಇಬ್ಬರೂ ಒಟ್ಟಿಗೆ ಮುನ್ನುಗ್ಗಿ ಇಬ್ಬರೂ ಏಟು ತಿನ್ನುತ್ತಾರೆ. ಸ್ಪರ್ಧೆಗಳಲ್ಲಿ ಇದು ದೊಡ್ಡ ತಲೆನೋವು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2006ರಲ್ಲಿ ಶುರುವಾದ ‘ಸ್ವೋರ್ಡ್‌ಫಿಶ್’ನಂಥ ದೊಡ್ಡ ಪಂದ್ಯಗಳಿವೆ. ಇಂಥ ಕಡೆ ನಿಯಮ ಬರೆಯುವವರು ಇದಕ್ಕೆ ಬೇರೆ ಬೇರೆ ದಾರಿ ಹುಡುಕುತ್ತಾರೆ. ಕೆಲವರು ಇಬ್ಬರಿಗೂ ತಾಗಿದರೆ ಪಾಯಿಂಟ್ ಇಲ್ಲ ಅನ್ನುತ್ತಾರೆ. ಕೆಲವರು ಹೊಡೆದ ಮೇಲೂ ತಕ್ಷಣ ಬರುವ ಮರುಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊಡೆದವನ ಪಾಯಿಂಟ್ ಕಡಿಮೆ ಮಾಡುತ್ತಾರೆ. ರಕ್ಷಣೆ ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಅಂತ ಫಿಯೋರೆಗೆ ಚೆನ್ನಾಗಿ ಗೊತ್ತಿತ್ತು. ಅವನು ಬೇರೆ ಮೇಷ್ಟ್ರುಗಳ ಜೊತೆ ಐದು ಸಲ ಹರಿತ ಕತ್ತಿಯಲ್ಲಿ ಹೋರಾಡಿದವನು. ಮೈಮೇಲೆ ದಪ್ಪ ಅಂಗಿ, ಕೈಗೆ ತೊಗಲಿನ ಗ್ಲೌಸ್, ಅಷ್ಟೇ. ಹೀಗೆ ಒಂದು ಸಲ ಹೋರಾಡುವುದಕ್ಕಿಂತ ಕವಚ ತೊಟ್ಟು ಮೂರು ಸಲ ಹೋರಾಡುವುದು ಮೇಲು ಅನ್ನುತ್ತಾನೆ. ಕವಚ ಇದ್ದರೆ ಎಷ್ಟೋ ಏಟು ತಿಂದೂ ಗೆಲ್ಲಬಹುದು. ಇಲ್ಲದಿದ್ದರೆ ಒಂದೇ ಒಂದು ತಡೆ ತಪ್ಪಿದರೆ ಸಾವು.

ಇದರಿಂದಾಗಿಯೇ ಹಳೇ ಮೇಷ್ಟ್ರುಗಳು ಕತ್ತಿಗೆ ಕತ್ತಿ ತಾಗಿದ ಕ್ಷಣಕ್ಕೆ ಅಷ್ಟು ಬೆಲೆ ಕೊಟ್ಟರು. ಅಲಗನ್ನು ಅವರು ಎರಡು ಭಾಗ ಮಾಡುತ್ತಾರೆ. ಹಿಡಿಯಿಂದ ನಡುವಿನವರೆಗೆ ‘ಗಟ್ಟಿ’, ನಡುವಿನಿಂದ ಮೊನೆಯವರೆಗೆ ‘ದುರ್ಬಲ’. ಎದುರಾಳಿಯ ದುರ್ಬಲ ಭಾಗವನ್ನು ನಿಮ್ಮ ಗಟ್ಟಿ ಭಾಗದಲ್ಲಿ ಹಿಡಿದರೆ ಸಣ್ಣ ಮೈಯವರೂ ದೊಡ್ಡವರನ್ನು ತಡೆಯಬಹುದು. ಬಾಗಿಲನ್ನು ಹಿಂಜಿನ ಹತ್ತಿರ ತಳ್ಳಿ ನೋಡಿ, ಅಂಚಿನಲ್ಲಿ ತಳ್ಳಿ ನೋಡಿ, ಗೊತ್ತಾಗುತ್ತದೆ. ‘ಸಿಟ್ಟಿನ ಪೆಟ್ಟು’ ಅನ್ನುವ ವರಸೆ ಇದನ್ನೇ ಕಲಿಸುತ್ತದೆ. ಅವನು ಮೇಲಿನಿಂದ ಓರೆಯಾಗಿ ಹೊಡೆದರೆ ನೀವೂ ಬಲ ಭುಜದಿಂದ ಓರೆಯಾಗಿ ಎದುರು ಹೊಡೆಯಿರಿ. ಕತ್ತಿಗಳು ಕೂಡಿದವು. ಈಗ ಅವನ ಕತ್ತಿ ಮೆತ್ತಗಿದೆಯಾ, ಬಿಗಿಯಾಗಿದೆಯಾ? ಮೆತ್ತಗಿದ್ದರೆ ಮೊನೆಯನ್ನು ನೇರ ಮುಖಕ್ಕೆ ಬಿಡಿ. ಅವನು ಬಿಗಿಯಾಗಿ ಒತ್ತಿ ಪಕ್ಕಕ್ಕೆ ತಳ್ಳಿದರೆ ಅವನ ಮೊನೆಯ ಮೇಲಿಂದ ಕತ್ತಿ ಎತ್ತಿ ಇನ್ನೊಂದು ಪಕ್ಕಕ್ಕೆ ಹೊಡೆಯಿರಿ. ಒತ್ತುತ್ತಿದ್ದವನ ಬಲ ಗಾಳಿಗೆ ಹೋಗುತ್ತದೆ. ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ಮುಟ್ಟಿ ಅರಿಯುವುದು’ ಅಂತಲೇ ಹೆಸರು. ನೂರು ಸಲ ಓದಿದರೂ ಬಾರದ್ದು ಒಂದು ತಿಂಗಳ ಅಭ್ಯಾಸದಲ್ಲಿ ಬರುತ್ತದೆ. ಅಭ್ಯಾಸವು ವಿದ್ಯೆಗಿಂತ ಮೇಲು, ವಿದ್ಯೆ ಇಲ್ಲದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ, ಅಭ್ಯಾಸ ಇಲ್ಲದ ವಿದ್ಯೆ ಬರುವುದಿಲ್ಲ ಅಂತ 3227ಎ ಬರೆದವನೂ ಹೇಳಿದ್ದಾನೆ.

ಶುರು ಮಾಡಲು ಕತ್ತಿ ಬೇಡ. ಮೊದಲ ತಿಂಗಳುಗಳಿಗೆ ಮರದ ಕತ್ತಿ, ಹೆಜ್ಜೆ, ನಾಲ್ಕು ನಿಲುವು ಸಾಕು. ಜೊತೆಗೆ ಒಬ್ಬರು ಬೇಕು, ಯಾಕೆಂದರೆ ಒಂಟಿಯಾಗಿ ಬೀಸಿದರೆ ತಪ್ಪು ತೋರಿಸುವವರು ಯಾರೂ ಇರುವುದಿಲ್ಲ. ಮಾಸ್ಕ್ ಇಲ್ಲದೆ ಒಬ್ಬರ ಮುಖದ ಕಡೆಗೆ ಕೋಲನ್ನೂ ಬೀಸಬಾರದು. ಪುಸ್ತಕಗಳಿಗೆ ಊರೂರು ಅಲೆಯುವ ಕಾಲ ಹೋಯಿತು. ಹಸ್ತಪ್ರತಿಗಳ ಸ್ಕ್ಯಾನ್, ಮೂಲ ಪಾಠ, ಇಂಗ್ಲಿಷ್ ಅನುವಾದ ಮೂರನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ‘ವಿಕ್ಟೆನೌವರ್’ ಅನ್ನುವ ವೆಬ್‌ಸೈಟ್ 2009ರಿಂದ ಎಲ್ಲರಿಗೂ ಉಚಿತ. 1990ರ ದಶಕದಲ್ಲಿ ಶುರು ಮಾಡಿದವರು ಮಸುಕಾದ ಫೋಟೊಕಾಪಿ ಹಿಡಿದು ಓದಿದವರು. ಅವರ ಆ ಶ್ರಮದ ಮೇಲೆಯೇ ನಾವು ನಿಂತಿದ್ದೇವೆ.

ಇನ್ನೊಂದು ಪದ್ಯ ಇದೆ: ‘ಡೊಂಕಾಗಿ ಚುರುಕಾಗಿ ಮೇಲೆ ಬಾ, ಮೊನೆಯನ್ನು ಕೈಗಳ ಮೇಲೆ ಎಸೆ.’ ತೋಳುಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ, ಪಕ್ಕಕ್ಕೆ ಹೆಜ್ಜೆ ಹಾಕಿ ಅವನ ಕೈಗೆ ಹೊಡೆಯುವ ವರಸೆ ಇದು. ಉದ್ದ ಬಾಯಿಂದಲೋ ಗಿಡ್ಡ ಬಾಯಿಂದಲೋ? ಆ ಸಾಲು ಹೇಳುವುದಿಲ್ಲ. ನಮ್ಮ ಹಾಲ್‌ನಲ್ಲಿ ಎರಡು ಗುಂಪೇ ಆಗಿದೆ. ಉದ್ದ ಬಾಯಿ ಅನ್ನುವವರದು ಗಟ್ಟಿ ಪೆಟ್ಟು. ಗಿಡ್ಡ ಬಾಯಿ ಅನ್ನುವವರದು ಚುರುಕು, ಪದ್ಯದಲ್ಲೂ ‘ಚುರುಕಾಗಿ’ ಅಂತಲೇ ಇದೆ ಅನ್ನುತ್ತಾರೆ. ಹೋದ ವಾರ ನಾನು ಗಿಡ್ಡ ಬಾಯಿಯ ಕಡೆ ಇದ್ದೆ. ಆದರೆ ಒಬ್ಬರು ನಾನು ಅಂದುಕೊಂಡದ್ದಕ್ಕಿಂತ ಅರ್ಧ ಹೆಜ್ಜೆ ಹಿಂದೆ ನಿಂತು ಹೊಡೆದರು. ಅಷ್ಟು ದೂರಕ್ಕೆ ನನ್ನ ಗಿಡ್ಡ ಬಾಯಿ ಎಟುಕಲಿಲ್ಲ. ಬುಧವಾರ ಮತ್ತೆ ಸೇರುತ್ತೇವೆ. ಆ ಪುಟದ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ.